ಒಂದು ಮನೆಯಲ್ಲಿ ಮೂರು ವಿಧದ ಸಕ್ಕರೆ ಕಾಯಿಲೆ



ಬೆಂಗಳೂರಿನ ಚಾಮರಾಜಪೇಟೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಎರಡು ಹಳೆಯ ಸರಕಾರೀ ಆಸ್ಪತ್ರೆಗಳುಂಟು. ಒಂದು, 1900ರಲ್ಲಿ ತೆರೆಯಲ್ಪಟ್ಟ ವಿಕ್ಟೋರಿಯಾ ಆಸ್ಪತ್ರೆ. ಮತ್ತೊಂದು, 1896ರಲ್ಲಿ ಆರಂಭವಾದ ಮಿಂಟೋ ಕಣ್ಣಿನ ಆಸ್ಪತ್ರೆ. ಕಾಲಿನ ಹುಣ್ಣು ವಾಸಿಯಾಗಲಿಲ್ಲವೆಂದು ಮೊದಲನೆಯದಕ್ಕೂ, ಕಣ್ಣು ಮಬ್ಬಾಯಿತೆಂದು ಎರಡನೆಯದಕ್ಕೂ ಹಳ್ಳಿಗಳಿಂದ ಜನರು ಬರುತ್ತಾರೆ. ಹುಣ್ಣಿಗೂ ಮಬ್ಬಿಗೂ ಮೂಲವು ವರುಷಗಳಿಂದ ಗುಟ್ಟಾಗಿ ದೇಹದಲ್ಲಿದ್ದ ಸಕ್ಕರೆ ಕಾಯಿಲೆಯೇ ಎಂಬದು ಅವರಲ್ಲಿ ಕೆಲವರಿಗೆ ಅಲ್ಲಿಯೇ ಮೊದಲ ಸಾರಿ ತಿಳಿಯುತ್ತದೆ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆ ಉಂಟೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೋಧನೆಯು ತೋರಿಸಿತು. ಆದದರಿಂದ ಇದನ್ನು ಪಟ್ಟಣದ ಐಶ್ವರ್ಯವಂತರ ರೋಗವೆಂದು ಎಣಿಸಕೂಡದು.

ಪಾಠಕ್ಕೋಸ್ಕರ ಚಾಮರಾಜಪೇಟೆಯ ಒಂದು ಮನೆಯನ್ನು ದೃಷ್ಟಾಂತವಾಗಿ ಇಡುತ್ತೇವೆ. ನಾವು ಕಂಡ ಹಲವು ಮನೆಗಳನ್ನು ಕೂಡಿಸಿ ಒಂದಾಗಿ ಹೇಳುತ್ತೇವೆಂದು ವಾಚಕರು ತಿಳಿಯಬೇಕು. ಈ ಮನೆಯಲ್ಲಿ 65 ವರುಷದ ಅಜ್ಜಿ, ಆಕೆಯ ಮಗ, ಸೊಸೆ, 11 ವರುಷದ ಮೊಮ್ಮಗ ಇದ್ದಾರೆ. ಅಜ್ಜಿಯು ಬಹುಕಾಲದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವಳು. ಒಂದು ವರುಷ ಮೊಮ್ಮಗನು ಮೂರು ವಾರ ತಡೆಯಿಲ್ಲದೆ ನೀರು ಕುಡಿದನು, ರಾತ್ರಿ ಹಾಸಿಗೆ ಒದ್ದೆಮಾಡಿದನು, ಉಂಡರೂ ಸೊರಗಿದನು. ಕಡೆಗೆ ವಾಂತಿಯೂ ದೀರ್ಘವಾದ ಏದುಸಿರೂ ಹತ್ತಿದಾಗ ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಇನ್ಸುಲಿನ್ ಎಂಬ ಔಷಧದ ಸೂಜಿಯಿಂದ ಅವನು ಉಳಿದನು.

ಮನೆಗೆ ಬಂದ ಮೇಲೆ ಅಜ್ಜಿಯು ಸೊಸೆಗೆ, “ಅಮ್ಮಾ, ಈ ಎಳೇ ಮೈಗೆ ದಿನಕ್ಕೆ ನಾಲ್ಕು ಸಾರಿ ಸೂಜಿಯೇ? ನನಗೂ ಇದೇ ಕಾಯಿಲೆಯಲ್ಲವೇ? ನನ್ನ ಮಾತ್ರೆಯಲ್ಲಿ ಅರ್ಧ ಕೊಟ್ಟು ನೋಡೋಣ,” ಅಂದಳು. ಇದು ಪ್ರೀತಿಯಿಂದ ಹುಟ್ಟಿದ ಮಾತು. ಆದರೆ ಮಗುವಿನ ಪ್ರಾಣವನ್ನೇ ತೆಗೆಯಬಲ್ಲ ಮಾತು. ಯಾಕಂದರೆ ಹೆಸರು ಒಂದೇ ಆದರೂ ಅಜ್ಜಿಯ ಕಾಯಿಲೆ ಬೇರೆ, ಮೊಮ್ಮಗನ ಕಾಯಿಲೆ ಬೇರೆ.

ಮೊದಲನೆಯ ವಿಧವು ಮೊಮ್ಮಗನದು. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ರಸವನ್ನು ಹುಟ್ಟಿಸುತ್ತದೆ. ರಕ್ತದಲ್ಲಿರುವ ಸಕ್ಕರೆಯು ಮಾಂಸಖಂಡಗಳಿಗೆ ಸೇರಿ ಬಲವಾಗುವದು ಈ ರಸದಿಂದಲೇ. ರೋಗವನ್ನು ತಡೆಯಬೇಕಾದ ದೇಹದ ಶಕ್ತಿಯೇ ತಪ್ಪಿ, ಈ ರಸವನ್ನು ಮಾಡುವ ಕಣಗಳನ್ನು ಹಾಳುಮಾಡಿದಾಗ ಈ ಕಾಯಿಲೆ ಬರುತ್ತದೆ. ಮಗು ಮಿಠಾಯಿ ತಿಂದದ್ದಾಗಲಿ ತಾಯಿಯ ಅಜಾಗ್ರತೆಯಾಗಲಿ ಇದಕ್ಕೆ ಕಾರಣವಲ್ಲ. 1922ಕ್ಕೆ ಮುಂಚೆ ಇಂಥ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ 1921ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನನ್ನು ಬೇರ್ಪಡಿಸಿದರು. ಮರುವರುಷ ಜನವರಿಯಲ್ಲಿ ಅದು 14 ವರುಷದ ಹುಡುಗನೊಬ್ಬನಿಗೆ ಕೊಡಲ್ಪಟ್ಟಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪೆನಿಯೂ 2004ರಲ್ಲಿ ಮಾನವ ಇನ್ಸುಲಿನನ್ನು ಮಾರಾಟಕ್ಕೆ ತಂದಿತು. ಈ ವಿಧಕ್ಕೆ ಮಾತ್ರೆ, ಬೇರು, ಕಷಾಯ ಯಾವದೂ ಸೂಜಿಯ ಸ್ಥಾನದಲ್ಲಿ ನಿಲ್ಲಲಾರದು. ಜ್ವರ ಬಂದು ಮಗು ಉಣ್ಣದಿದ್ದರೂ ಇನ್ಸುಲಿನನ್ನು ಪೂರ್ತಿಯಾಗಿ ನಿಲ್ಲಿಸಕೂಡದು. ಅಳತೆಯನ್ನು ವೈದ್ಯರಿಗೆ ಕೇಳತಕ್ಕದ್ದು.

ಎರಡನೆಯ ವಿಧವು ಅಜ್ಜಿಯದು. ಬಹುಮಂದಿಗೆ ಇರುವದು ಇದೇ. ಇದರಲ್ಲಿ ರಸವುಂಟು, ಆದರೆ ದೇಹವು ಅದರ ಮಾತನ್ನು ಸರಿಯಾಗಿ ಕೇಳುವದಿಲ್ಲ. ಕಾಲ ಕಳೆದಂತೆ ರಸವೂ ಕಡಿಮೆಯಾಗುತ್ತದೆ. ಮಿತವಾದ ಆಹಾರ, ನಡಿಗೆ, ಮೆಟ್‌ಫಾರ್ಮಿನ್ ಮೊದಲಾದ ಮಾತ್ರೆಗಳು ಇದಕ್ಕೆ ಚಿಕಿತ್ಸೆ. ಮುಂದೆ ಕೆಲವರಿಗೆ ಇನ್ಸುಲಿನ್ ಬೇಕಾದೀತು; ಅದು ರೋಗಿಯ ಸೋಲೂ ಅಲ್ಲ, ಮರಣದ ಸೂಚನೆಯೂ ಅಲ್ಲ. ರಾಗಿಮುದ್ದೆಯನ್ನು ಎಷ್ಟು ಉಂಡರೂ ಸಕ್ಕರೆ ಏರದೆಂದೂ ಬೆಲ್ಲದ ಕಾಫಿಯಿಂದ ದೋಷವಿಲ್ಲವೆಂದೂ ಹೇಳುವದುಂಟು. ಇವೆರಡೂ ಸುಳ್ಳು. ಮುದ್ದೆಗೂ ಅನ್ನಕ್ಕೂ ಅಳತೆ ಬೇಕು; ಬೆಲ್ಲವೂ ಜೇನೂ ಸಕ್ಕರೆಯೇ. ಕಾಯಿಲೆಯು ಕಾಲಿನ ಸ್ಪರ್ಶಜ್ಞಾನವನ್ನು ಕೆಡಿಸುವದರಿಂದ ಬರಿಗಾಲಲ್ಲಿ ನಡೆಯದೆ, ರಾತ್ರಿ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಕಣ್ಣನ್ನೂ ಮೂತ್ರವನ್ನೂ ವರುಷಕ್ಕೊಮ್ಮೆ ಪರೀಕ್ಷೆಮಾಡಿಸಬೇಕು.

ಮೂರನೆಯ ವಿಧವು ಸೊಸೆಗೆ ಬಂದಿತ್ತು. ಆಕೆ ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿತು, ಹೆರಿಗೆಯಾದ ಮೇಲೆ ಇಳಿಯಿತು. ಇಳಿದ ಮೇಲೆ ಅದನ್ನು ಮರೆಯುವದು ಅಪಾಯ. ಯಾಕಂದರೆ ಇಂಥ ತಾಯಂದಿರಿಗೆ ಮುಂದೆ ಎರಡನೆಯ ವಿಧವು ಬರುವ ಸಂಭವ ಹೆಚ್ಚು. ಹೆರಿಗೆಯಾಗಿ 6 ವಾರಗಳ ತರುವಾಯ ಒಮ್ಮೆಯೂ, ಆಮೇಲೆ ಆಗಾಗ್ಗೆಯೂ ರಕ್ತವನ್ನು ನೋಡಿಸತಕ್ಕದ್ದು.

ಮಗನಾದರೋ ತನಗೆ ಏನೂ ಇಲ್ಲವೆಂದನು. ಆದರೆ ತಂದೆತಾಯಿಗಳಲ್ಲಿ ಒಬ್ಬರಿಗೆ ಎರಡನೆಯ ವಿಧವಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚು, ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ, ಹೆಂಗಸರದು 80ನ್ನೂ ಮೀರಿದರೆ ಅದೂ ಎಚ್ಚರಿಕೆಯ ಗುರುತು. ಅವನ ರಕ್ತವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ 112 ಬಂತು. 100ರ ಒಳಗೆ ಇದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚೆಂದು ಎರಡು ಸಾರಿ ಕಂಡರೆ ಕಾಯಿಲೆಯೆಂದು ನಿಶ್ಚಯ. ನಡುವೆ ಇದ್ದರೆ ಹೊಸ್ತಿಲ ಮೇಲೆ ನಿಂತಂತೆ. ಹೊಸ್ತಿಲಿನಿಂದ ಹಿಂದಿರುಗುವದು ಸಾಧ್ಯ. ಹೀಗೆ ಹೊಸ್ತಿಲಲ್ಲಿದ್ದ ನಮ್ಮ ದೇಶದವರಿಗೆ ಚೆನ್ನೈಯ ವೈದ್ಯರು ನಡಿಗೆಯನ್ನೂ ಆಹಾರದ ಮಿತಿಯನ್ನೂ ಕಲಿಸಿ ಸುಮಾರು ಮೂರು ವರುಷ ನೋಡಿದರು. ಇದರಿಂದ ಅಪಾಯವು ನೂರಕ್ಕೆ 28ರಷ್ಟು ತಗ್ಗಿತೆಂದು 2006ರಲ್ಲಿ ಪ್ರಕಟಿಸಿದರು. ವಂಶವು ಕೊಡುವದು ಎಚ್ಚರಿಕೆಯೇ ಹೊರತು ತೀರ್ಪಲ್ಲ.

ಇನ್ನೊಂದು ಮಾತು. ಸೂಜಿ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಹೊತ್ತಿಗೆ ಉಣ್ಣದಿದ್ದರೆ ನಡುಕ, ಬೆವರು, ತಬ್ಬಿಬ್ಬು ಉಂಟಾದೀತು. ಆಗ ಎಚ್ಚರವಾಗಿದ್ದು ನುಂಗಬಲ್ಲವರಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಪುನಃ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆ ಮನೆಯಲ್ಲಿ ಸೊಸೆಯು ಅತ್ತೆಯೊಂದಿಗೆ ವಾದಿಸಲಿಲ್ಲ. “ಅತ್ತೇ, ನಾಳೆ ನೀವೇ ನಮ್ಮ ಸಂಗಡ ಬಂದು ಡಾಕ್ಟರರನ್ನು ಕೇಳಿರಿ,” ಅಂದಳು. ಅಜ್ಜಿ ಹೋದಳು, ಕೇಳಿದಳು, ಹಿಂದಿರುಗುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಂದಿನಿಂದ ಊಟಕ್ಕೆ ಮುಂಚೆ “ಸೂಜಿ ಆಯಿತೇನಪ್ಪಾ?” ಎಂದು ಮೊಮ್ಮಗನನ್ನು ಮೊದಲು ಕೇಳುವವಳು ಆಕೆಯೇ.

ಮನೆಯವರೆಲ್ಲರೂ ಕೂಡಿ ಉತ್ತರಿಸತಕ್ಕ ಪ್ರಶ್ನೆಗಳು:
1. ಒಬ್ಬರ ಮಾತ್ರೆಯನ್ನು ಮತ್ತೊಬ್ಬರಿಗೆ ಯಾಕೆ ಕೊಡಕೂಡದು?
2. ನಮ್ಮ ವಂಶದಲ್ಲಿ ಯಾರಾರಿಗೆ ಈ ಕಾಯಿಲೆ ಇತ್ತು?
3. ನಮ್ಮಲ್ಲಿ 30 ವರುಷ ದಾಟಿಯೂ ರಕ್ತಪರೀಕ್ಷೆ ಮಾಡಿಸದವರು ಯಾರು? ಅವರು ಯಾವ ದಿನ ಹೋಗುವರು?