ರಾಕೆಟ್ಟಿನ ಟಾಕಿ, ನಳ ಮತ್ತು ವಾಲ್ವು

ರಾಕೆಟ್ ಅಂದ ಕೂಡಲೇ ನಾವೆಲ್ಲ ಅದರ ಹಿಂದೆ ಬರುವ ಬೆಂಕಿಯ ಚಿತ್ರ ಬರೆಯುತ್ತೇವೆ. ಆದರೆ ಬೆಂಕಿ ಹಚ್ಚುವುದು ದೊಡ್ಡ ಮಾತಲ್ಲ. ಆ ಬೆಂಕಿಗೆ ಇಂಧನವನ್ನು ಸರಿಯಾದ ಹೊತ್ತಿಗೆ, ಸರಿಯಾದ ಜೋರಿನಲ್ಲಿ, ಒಂದು ಹನಿಯೂ ಸೋರದಂತೆ ಮುಟ್ಟಿಸುವುದೇ ಕಷ್ಟ. ಅದನ್ನು ಮಾಡುವುದು ಟಾಕಿ, ನಳ ಮತ್ತು ವಾಲ್ವು.

ದೀಪಾವಳಿ ರಾಕೆಟ್ಟಿನಲ್ಲಿ ಮದ್ದು ಗಟ್ಟಿಯಾಗಿ ತುಂಬಿರ್ತದ. ಟಿಪ್ಪು ಸುಲ್ತಾನನ ಕಾಲದ ಮೈಸೂರು ರಾಕೆಟ್ಟೂ ಅಂಥದ್ದೇ, ಕಬ್ಬಿಣದ ಕೊಳವೆಯಲ್ಲಿ ಮದ್ದು. ಒಮ್ಮೆ ಹಚ್ಚಿದರೆ ಮುಗೀತು, ನಿಲ್ಲಿಸಲು ಬರುವುದಿಲ್ಲ. ದ್ರವ ಇಂಧನದ ರಾಕೆಟ್ ಬೇರೆ. ಅದರಲ್ಲಿ ಎರಡು ಟಾಕಿ. ಒಂದರಲ್ಲಿ ಇಂಧನ, ಇನ್ನೊಂದರಲ್ಲಿ ಉರಿಯಲು ಬೇಕಾದ ಆಮ್ಲಜನಕ ಕೊಡುವ ದ್ರವ. ಮೇಲೆ ಗಾಳಿ ಇಲ್ಲ, ಅದಕ್ಕ ಅದನ್ನೂ ಹೊತ್ತುಕೊಂಡೇ ಹೋಗಬೇಕು. ಇಂಥ ಮೊದಲ ರಾಕೆಟ್ಟನ್ನು ಹಾರಿಸಿದವರು ಅಮೆರಿಕದ ರಾಬರ್ಟ್ ಗೊಡಾರ್ಡ್ ಎಂಬ ಪ್ರೊಫೆಸರರು, 1926ರ ಮಾರ್ಚ್ 16ರಂದು. ಅದು ಹಾರಿದ್ದು ಎರಡೂವರೆ ಸೆಕೆಂಡು, ಏರಿದ್ದು 41 ಅಡಿ. ನಮ್ಮ ಊರಿನ ಬೇವಿನ ಮರದಷ್ಟು ಅನ್ನಿ.

ಟಾಕಿಯಲ್ಲಿದ್ದ ದ್ರವ ಇಂಜಿನ್ನಿಗೆ ತಾನಾಗಿ ಓಡುವುದಿಲ್ಲ. ಇಂಜಿನ್ನಿನ ಒಳಗೆ ಬೆಂಕಿಯ ಒತ್ತಡ ಇರ್ತದ, ಅದಕ್ಕಿಂತ ಹೆಚ್ಚು ಜೋರಿನಿಂದ ತಳ್ಳಬೇಕು. ವಾಡಿ, ಸೇಡಂ ರಸ್ತೆಯಲ್ಲಿ ಸಿಮೆಂಟ್ ಒಯ್ಯುವ ಬಲ್ಕರ್ ಲಾರಿ ನೋಡಿದ್ದೀರಲ್ಲ? ಅದರ ಗುಂಡನೆಯ ಹೊಟ್ಟೆಯೊಳಗೆ ಕಂಪ್ರೆಸರ್ ಗಾಳಿ ಬಿಡುತ್ತಾರೆ. ಆ ಗಾಳಿ ಸಿಮೆಂಟನ್ನು ಪೈಪಿನಲ್ಲಿ ಎತ್ತರಕ್ಕೆ ತಳ್ಳುತ್ತದೆ. ಸಣ್ಣ ರಾಕೆಟ್ ಇಂಜಿನ್ನಿನ ಕೆಲಸವೂ ಹೀಗೇ. ಗಾಳಿಯ ಬದಲಿಗೆ ಹೀಲಿಯಂ ಬಿಡುತ್ತಾರೆ. ಯಾಕಂದ್ರ ಹೀಲಿಯಂ ಹಗುರ, ಮತ್ತು ಅದು ಯಾವುದರ ಜೊತೆಗೂ ಸೇರಿ ಉರಿಯುವುದಿಲ್ಲ. ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತ ಇದೇ ರೀತಿಯದು. ಎರಡನೆಯ ಹಂತದ ವಿಕಾಸ್ ಇಂಜಿನ್ನಿಗೆ ಮಾತ್ರ ಪಂಪು ಇದೆ. ದೊಡ್ಡ ಟಾಕಿಯ ಇಡೀ ಹೊಟ್ಟೆಗೆ ಜೋರು ಒತ್ತಡ ಕೊಟ್ಟರೆ ಗೋಡೆ ದಪ್ಪ ಮಾಡಬೇಕಾಗುತ್ತದೆ, ತೂಕವೇ ಮುಳುವಾಗುತ್ತದೆ. ಇಂಥ ರಾಕೆಟ್ ಟಾಕಿಗಳನ್ನು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಮಾಡುತ್ತಾರೆ.

ಈಗ ನಳದ ಜೊತೆ ನಡೆಯೋಣ. ಮೊದಲು ಹೀಲಿಯಂ ಬಾಟಲಿ. ಆಮೇಲೆ ರೆಗ್ಯುಲೇಟರ್, ಅದು ಜೋರು ಒತ್ತಡವನ್ನು ಇಳಿಸಿ ಒಂದೇ ಸಮ ಕೊಡುತ್ತದೆ, ಮನೆಯ ಗ್ಯಾಸಿನ ರೆಗ್ಯುಲೇಟರ್ ಹಾಗೆ. ಆಮೇಲೆ ಒಂದೇ ಕಡೆ ಬಿಡುವ ವಾಲ್ವು. ಬಾವಿಯ ಪಂಪಿನ ಫುಟ್‌ವಾಲ್ವ್ ನೀರನ್ನು ಹಿಂದಕ್ಕೆ ಬಿಡುವುದಿಲ್ಲವಲ್ಲ, ಹಾಗೆ. ಆಮೇಲೆ ಟಾಕಿ, ಅದಕ್ಕೊಂದು ಸೇಫ್ಟಿ ವಾಲ್ವು (ಕುಕ್ಕರಿನದು ನೆನಪಿರಲಿ). ಕೊನೆಗೆ ಇಂಜಿನ್ನಿನ ಬಾಯಲ್ಲಿ ಸಣ್ಣ ಸಣ್ಣ ತೂತು. ತೊಗರಿಗೆ ಎಣ್ಣಿ ಹೊಡೆಯುವ ಪಂಪಿನ ನಾಜಲ್ ಇದ್ದಂತೆ ಅವು ದ್ರವವನ್ನು ತುಂತುರು ಮಾಡುತ್ತವೆ.

ಇದರಲ್ಲಿ ಫುಟ್‌ವಾಲ್ವಿನಂಥ ಆ ವಾಲ್ವು ಸಣ್ಣದೆಂದು ತಿಳಿಯಬೇಡಿ. 2019ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಡ್ರ್ಯಾಗನ್ ಎಂಬ ನೌಕೆ ನೆಲದ ಮೇಲಿನ ಪರೀಕ್ಷೆಯಲ್ಲೇ ಸಿಡಿಯಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಅಂಥದೊಂದು ವಾಲ್ವು ಸೋರಿ ಸ್ವಲ್ಪ ದ್ರವ ಹೀಲಿಯಂ ನಳಕ್ಕೆ ಬಂದಿತ್ತು. ಒತ್ತಡ ಬಿಟ್ಟಾಗ ಆ ದ್ರವ ಗುಂಡಿನಂತೆ ಹೋಗಿ ಬಡಿದಿತ್ತು.

ಟಾಕಿ ಯಾಕೆ ಗುಂಡಗಿರ್ತದ? ಲೆಕ್ಕ ಮಾಡೋಣ. ಗ್ಯಾಸ್ ಸಿಲಿಂಡರಿನ ಅಗಲ ಸುಮಾರು 30 ಸೆಂ.ಮೀ. ಅದರ ತಲೆಯ ಕ್ಷೇತ್ರಫಲ 3.14 × 15 × 15 = 706.5 ಚದರ ಸೆಂ.ಮೀ. ಅದನ್ನು ಪರೀಕ್ಷೆ ಮಾಡುವ ಒತ್ತಡ ಚದರ ಸೆಂ.ಮೀ.ಗೆ 25 ಕೆ.ಜಿ. ಗುಣಿಸಿದರೆ 17,662 ಕೆ.ಜಿ.! ಶಹಾಬಾದ್ ಕಲ್ಲು ತುಂಬಿದ ಲಾರಿಯನ್ನು ಆ ತಲೆಯ ಮೇಲೆ ನಿಲ್ಲಿಸಿದಂತೆ. ಚಪ್ಪಟೆ ತಗಡಾದರೆ ಉಬ್ಬಿ ಹರಿಯುತ್ತದೆ. ಗುಂಡಾಗಿದ್ದರೆ ಎಳೆತ ಎಲ್ಲ ಕಡೆ ಹಂಚಿಹೋಗುತ್ತದೆ. ಉದ್ದ ಕೊಳವೆಯಲ್ಲಿ ಸುತ್ತಿನ ಎಳೆತ ಉದ್ದದ ಎಳೆತದ ಎರಡು ಪಟ್ಟು. ಅದಕ್ಕೇ ಹೊಲದ ಪೈಪು ಒತ್ತಡಕ್ಕೆ ಒಡೆದರೆ ಉದ್ದಕ್ಕೆ ಸೀಳುತ್ತದೆ, ನೋಡ್ರಿ ಬೇಕಾದ್ರ.

ಪರೀಕ್ಷೆಯನ್ನು ಗಾಳಿ ತುಂಬಿ ಮಾಡುವುದಿಲ್ಲ, ನೀರು ತುಂಬಿ ಮಾಡುತ್ತಾರೆ. ನೀರನ್ನು ಎಷ್ಟು ಒತ್ತಿದರೂ ಅದು ಬಹಳ ಕುಗ್ಗುವುದಿಲ್ಲ. ಟಾಕಿ ಬಿರಿದರೆ ನೀರು ಚಿಮ್ಮಿ, ಒತ್ತಡ ತಟ್ಟನೆ ಇಳಿದುಬಿಡುತ್ತದೆ. ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಕುಗ್ಗಿ ಕೂತಿರ್ತದ. ಬಿರಿದರೆ ಪೂರ್ತಿ ಹಿಗ್ಗಿ ಚೂರುಗಳನ್ನು ಎಸೆಯುತ್ತದೆ. ನಿಮ್ಮ ಮನೆಯ ಸಿಲಿಂಡರಿನ ಹಿಡಿಕೆಯ ಪಟ್ಟಿ ನೋಡಿ, ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಅಕ್ಷರ ಮತ್ತು ಇಸವಿ ಇರ್ತದ. ಬಿ-27 ಎಂದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಮತ್ತೆ ಪರೀಕ್ಷೆಯಾಗಬೇಕು. ಇದನ್ನು ಅವ್ವನಿಗೂ ತೋರಿಸಿ.

ಮಂಗಳಯಾನ 2013ರ ನವೆಂಬರ್ 5ರಂದು ಹೊರಟಿತು. ಅದರ ದೊಡ್ಡ ಇಂಜಿನ್ ಸುಮಾರು 300 ದಿನ ಮಲಗಿತ್ತು. ಅಷ್ಟು ದಿನ ದ್ರವ ತುಂಬಿದ ನಳ, ವಾಲ್ವು ಕೆಟ್ಟರೆ? ಅದಕ್ಕೆ ವಿಜ್ಞಾನಿಗಳು ಮೊದಲೇ ಎರಡನೆಯ ದಾರಿಯನ್ನೂ ಕೂಡಿಸಿದ್ದರು. 2014ರ ಸೆಪ್ಟೆಂಬರ್ 22ರಂದು 4 ಸೆಕೆಂಡು ಉರಿಸಿ ನೋಡಿದರು, 24ರಂದು ಮಂಗಳನ ಸುತ್ತ ಸೇರಿಸಿದರು. ಆದರೆ 2025ರ ಜನವರಿ 29ರಂದು ಹೋದ ಎನ್.ವಿ.ಎಸ್.-02 ಉಪಗ್ರಹಕ್ಕೆ ಹಾಗಾಗಲಿಲ್ಲ. ಅದು ಶ್ರೀಹರಿಕೋಟಾದ ನೂರನೆಯ ಉಡಾವಣೆ, ರಾಕೆಟ್ ಸರಿಯಾಗಿಯೇ ಬಿಟ್ಟು ಬಂತು. ಮೇಲೆ ಹೋದ ಮೇಲೆ ಆಮ್ಲಜನಕದ ದ್ರವ ಬಿಡುವ ವಾಲ್ವು ತೆರೆಯಲಿಲ್ಲ. ಟಾಕಿ ತುಂಬ ಇಂಧನ ಇದ್ದೂ ಉಪಗ್ರಹ ತನ್ನ ಜಾಗ ಮುಟ್ಟಲಿಲ್ಲ.

ಸಾಮಾನ್ಯ ಜನ ಸೇರಿ ಇಂಥ ರಾಕೆಟ್ ಮಾಡಿದ್ದೂ ಉಂಟು. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಸಬಾರ್ಬಿಟಲ್ಸ್ ಎಂಬ ಹವ್ಯಾಸಿಗಳು 2018ರ ಆಗಸ್ಟ್‌ನಲ್ಲಿ ನೆಕ್ಸೋ-2 ಹಾರಿಸಿದರು. ಇಂಧನ ಆಲ್ಕೋಹಾಲ್, ಜೊತೆಗೆ ದ್ರವ ಆಮ್ಲಜನಕ, ತಳ್ಳುವುದಕ್ಕೆ ಹೀಲಿಯಂ. ಹಾರಿಸುವುದು ಸಮುದ್ರದ ಮೇಲಿನ ವೇದಿಕೆಯಿಂದ, ಜನ ಇರುವುದು ದೂರದ ಹಡಗಿನಲ್ಲಿ.

ನಮ್ಮ ತರಗತಿಯ ಕೆಲವರು ವಿಜ್ಞಾನ ಪ್ರದರ್ಶನಕ್ಕೆ ಪಿ.ವಿ.ಸಿ. ಪೈಪಿನ ತುಂಡಿಗೆ ಗಾಳಿ ತುಂಬಿ ರಾಕೆಟ್ ಮಾಡೋಣ ಅನ್ನುತ್ತಾರೆ. ಒಬ್ಬನು ಕಬ್ಬಿಣದ ಪೈಪು ತರ್ತೀನಿ ಅಂದ. ಬೇಡವೇ ಬೇಡ. ಪಿ.ವಿ.ಸಿ. ಗಾಳಿಗೆ ಒಡೆದರೆ ಗಾಜಿನಂತೆ ಚೂಪು ಚೂರಾಗುತ್ತದೆ, ಕಬ್ಬಿಣದ ಮಾತಂತೂ ಆಡುವುದೇ ಬೇಡ. ಸೋಡಾ ತುಂಬಿ ಬರುವ 2 ಲೀಟರ್ ಪ್ಲಾಸ್ಟಿಕ್ ಬಾಟಲಿ ಒತ್ತಡಕ್ಕೆಂದೇ ಮಾಡಿದ್ದು. ಬರೀ ಕುಡಿಯುವ ನೀರಿನ ಬಾಟಲಿ ಅಲ್ಲ, ಅದು ತೆಳ್ಳಗಿರ್ತದ. ಮೂರನೆಯ ಒಂದು ಪಾಲು ನೀರು, ಬಾಯಿಗೆ ರಬ್ಬರ್ ಬಿರಡೆ, ಉದ್ದ ಕೊಳವೆ, ದೂರದಲ್ಲಿ ಸೈಕಲ್ ಪಂಪು. ಗಾಳಿ ನೀರನ್ನು ತಳ್ಳುತ್ತದೆ, ಇದೂ ಪಿ.ಎಸ್.ಎಲ್.ವಿ.ಯ ನಾಲ್ಕನೆಯ ಹಂತದ ಜಾತಿಯದೇ. ಒತ್ತಡ ಹೆಚ್ಚಾದರೆ ಬಿರಡೆ ತಾನೇ ಕಳಚಿಕೊಳ್ಳುವುದರಿಂದ ಅದೇ ಸೇಫ್ಟಿ ವಾಲ್ವು. ಬಿರಡೆಯನ್ನು ತಂತಿಯಿಂದ ಬಿಗಿಯಬಾರದು. ಗುರುಗಳು ಎದುರಿಗಿರಬೇಕು, ಯಾರೂ ಬಾಟಲಿಯ ಮೇಲೆ ಬಗ್ಗಬಾರದು. ಗೀರು ಬಿದ್ದ ಬಾಟಲಿ ಹಾರಿಸಬೇಡಿ, ಅದರಲ್ಲಿ ಸಸಿ ಹಚ್ಚಬಹುದು.