ಲೈನಿನ ಅಡಿಯಲ್ಲಿ ಅಡಿಕೆ: ನೆಡುವ ದಿನವೇ ಅಳತೆ ನೋಡಿ

ಎಪ್ರಿಲ್ ಮುಗಿಯುತ್ತಿದ್ದಂತೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಸಂಜೆ ಹೊತ್ತಿಗೆ ಗುಡುಗು ಶುರು. ಒಂದು ಜೋರು ಗಾಳಿ ಬೀಸಿದರೆ ಸಾಕು, "ಕರೆಂಟು ಹೋಯ್ತು" ಅಂತ ಒಳಗಿಂದ ಒಂದು ದನಿ, "ಇನ್ನು ನಾಳೆಯೇ" ಅಂತ ಇನ್ನೊಂದು. ಎಲ್ಲೋ ಒಂದು ಅಕೇಶಿಯಾ ಗೆಲ್ಲು ಅಥವಾ ತೆಂಗಿನ ಮಡಲು ಲೈನಿನ ಮೇಲೆ ಬಿದ್ದಿರುತ್ತದೆ.

ಅದಕ್ಕೇ ಮಳೆಗಾಲಕ್ಕೆ ಮೊದಲು ಮೆಸ್ಕಾಂನವರು ಫೀಡರ್ ಆಫ್ ಮಾಡಿ ಲೈನಿನ ಬದಿಯ ಮರ ಸವರುತ್ತಾರೆ. ಇಲಾಖೆಯ ಭಾಷೆಯಲ್ಲಿ ಇದು "ಜಂಗಲ್ ಕಟಿಂಗ್". ಆ ಹೊತ್ತಿಗೆ ನಮ್ಮ ತೋಟಗಳಲ್ಲಿ ಒಂದು ಮಾತುಕತೆ ಪ್ರತಿವರ್ಷ ನಡೆಯುತ್ತದೆ. ಪವರ್‌ಮ್ಯಾನ್ ಎಷ್ಟೋ ಸಲ ಉತ್ತರ ಕರ್ನಾಟಕದ ಹುಡುಗ. "ಯಜಮಾನ್ರ, ಈ ಗಿಡ ತೆಗೀಬೇಕಾಗ್ತದ್ರಿ" ಅನ್ನುತ್ತಾನೆ. ಅವರ ಕಡೆ ದೊಡ್ಡ ಮರಕ್ಕೂ ಗಿಡ ಅಂತಲೇ ಹೇಳುವುದು. ನಮ್ಮವರು "ಎಂತ ತೆಗೆಯೂದು ಮಾರಾಯ, ಫಲ ಬರ್ತಾ ಉಂಟಲ್ಲ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯ ಉಂಟು. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಮಾವು, ಹಲಸು, ಅಕೇಶಿಯಾದ ಗೆಲ್ಲು ಸವರಿದರೆ ಮರ ಉಳಿಯುತ್ತದೆ. ಅಡಿಕೆ, ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಕಡಿದರೆ ಮರ ಸತ್ತ ಹಾಗೆ. ಹಾಗಾಗಿ ಕಂಗಿನ ವಿಷಯದಲ್ಲಿ ಲೈನಿನ ತೀರ್ಮಾನ ಆಗಬೇಕಾದದ್ದು ಕಡಿಯುವ ದಿನ ಅಲ್ಲ, ನೆಡುವ ದಿನ.

ಮೊದಲು ಯಾವ ಲೈನ್ ಅಂತ ಗುರುತಿಸಿ

ಮನೆಗೆ, ಪಂಪಿಗೆ ಬರುವುದು ಎಲ್‌ಟಿ ಲೈನ್, 230 ಮತ್ತು 415 ವೋಲ್ಟ್. ಕಂಬದಲ್ಲಿ ನಾಲ್ಕೈದು ತಂತಿ, ಸಣ್ಣ ಪಿಂಗಾಣಿ. ಟ್ರಾನ್ಸ್‌ಫಾರ್ಮರ್‌ವರೆಗೆ ಬರುವುದು 11 ಕೆವಿ, ಅಂದರೆ 11,000 ವೋಲ್ಟಿನ ಎಚ್‌ಟಿ ಲೈನ್. ಇದರಲ್ಲಿ ಮೂರೇ ತಂತಿ, ದೊಡ್ಡ ಪಿಂಗಾಣಿ. ಸಬ್‌ಸ್ಟೇಷನ್‌ಗಳ ಮಧ್ಯೆ 33 ಕೆವಿ ಲೈನ್ ಓಡುತ್ತದೆ. 110, 220 ಕೆವಿಯ ಕಬ್ಬಿಣದ ಟವರ್ ಲೈನ್ ಕೆಪಿಟಿಸಿಎಲ್‌ನದ್ದು. ಸಂಶಯ ಇದ್ದರೆ ಕಂಬದ ನಂಬರ್ ಬರೆದುಕೊಂಡು ಶಾಖಾ ಕಚೇರಿಯಲ್ಲಿ ಕೇಳಿ.

ಅರಣ್ಯ ಜಾಗದಲ್ಲಿ ಲೈನ್ ಎಳೆಯಲು ಕೇಂದ್ರ ಸರಕಾರದ ಮಾರ್ಗಸೂಚಿ ಉಂಟು. ಅದರಲ್ಲಿ ತಂತಿಗೂ ಮರಕ್ಕೂ ಇರಬೇಕಾದ ಕನಿಷ್ಠ ಅಂತರ ಮತ್ತು ಲೈನಿನ ಓಣಿಯ ಒಟ್ಟು ಅಗಲ ಹೀಗಿದೆ. ತೋಟದ ಲೆಕ್ಕಕ್ಕೂ ಇದೇ ಒಳ್ಳೆಯ ಅಳತೆಗೋಲು.

- 11 ಕೆವಿ: ಅಂತರ 2.6 ಮೀಟರ್, ಓಣಿ 7 ಮೀಟರ್
- 33 ಕೆವಿ: ಅಂತರ 2.8 ಮೀಟರ್, ಓಣಿ 15 ಮೀಟರ್
- 110 ಕೆವಿ: ಅಂತರ 3.7 ಮೀಟರ್, ಓಣಿ 22 ಮೀಟರ್
- 220 ಕೆವಿ: ಅಂತರ 4.6 ಮೀಟರ್, ಓಣಿ 35 ಮೀಟರ್
- 400 ಕೆವಿ: ಅಂತರ 5.5 ಮೀಟರ್, ಓಣಿ 46 ಮೀಟರ್

ಅಳೆಯುವಾಗ ಒಂದು ವಿಷಯ ನೆನಪಿರಲಿ. ತಂತಿ ಅಲ್ಯೂಮಿನಿಯಂನದ್ದು, ಬಿಸಿಗೆ ಉದ್ದ ಆಗುತ್ತದೆ. ಬೆಳಿಗ್ಗೆ ಕಂಡ ಎತ್ತರ ಮಾರ್ಚ್ ತಿಂಗಳ ಮಧ್ಯಾಹ್ನ ಇರುವುದಿಲ್ಲ. ಎರಡು ಕಂಬದ ನಡುವೆ ತಂತಿ ಅತೀ ಜೋತುಬಿದ್ದ ಜಾಗ ನೋಡಬೇಕು, ಬಿಸಿಲಿನ ಹೊತ್ತಿಗೇ ನೋಡಬೇಕು. ಮುಟ್ಟಿ ಅಳೆಯುವುದು ಬೇಡವೇ ಬೇಡ. ದೂರ ನಿಂತು ನೆರಳಿನ ಲೆಕ್ಕದಲ್ಲೇ ಕಂಬದ ಮತ್ತು ಮರದ ಎತ್ತರ ಸಿಗುತ್ತದೆ. 1 ಮೀಟರ್ ಕೋಲಿನ ನೆರಳು ಅರ್ಧ ಮೀಟರ್ ಇದ್ದಾಗ ಮರದ ನೆರಳು 6 ಮೀಟರ್ ಇದ್ದರೆ ಮರ 12 ಮೀಟರ್ ಎತ್ತರ.

ಇದು ನಮ್ಮೂರಿನ ತಲೆನೋವು ಮಾತ್ರ ಅಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ 345 ಕೆವಿಯ ಲೈನ್‌ಗಳು ಜೋತುಬಿದ್ದು, ಸಮಯಕ್ಕೆ ಸವರದ ಮರಗಳಿಗೆ ತಾಗಿ ಒಂದರ ಹಿಂದೆ ಒಂದು ಆಫ್ ಆದವು. ಅಮೆರಿಕ, ಕೆನಡಾದ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು.

ಕಂಗಿನ ಲೆಕ್ಕ

ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ, ಅಂದರೆ 9 ಅಡಿಗೆ ಒಂದರಂತೆ ನೆಡುತ್ತೇವೆ. ಒಂದು ಗಿಡಕ್ಕೆ 7.29 ಚದರ ಮೀಟರ್ ಜಾಗ. ತೋಟದೊಳಗೆ 100 ಮೀಟರ್ ಉದ್ದ 11 ಕೆವಿ ಲೈನ್ ಹೋಗಿದ್ದರೆ 7 ಮೀಟರ್ ಓಣಿಯಲ್ಲಿ 700 ಚದರ ಮೀಟರ್, ಅಂದರೆ ಸುಮಾರು 96 ಕಂಗಿನ ಜಾಗ.

ಆದರೆ ಕಂಗಿಗೆ 7 ಮೀಟರ್ ಸಾಲದು. ಸೋಗೆ ಆಚೀಚೆ ಎರಡು ಮೀಟರ್ ಹರಡುತ್ತದೆ, ಅದರ ಮೇಲೆ 2.6 ಮೀಟರ್ ಅಂತರ ಬೇಕು. ಹಾಗಾಗಿ ಹೊರಗಿನ ತಂತಿಯ ನೇರ ಅಡಿಯಿಂದ 5 ಮೀಟರ್ ಬಿಟ್ಟು ಮೊದಲ ಸಾಲು ಹಾಕುವುದು ಕ್ಷೇಮ. ತೆಂಗಿನ ಮಡಲು 5 ಮೀಟರ್‌ವರೆಗೆ ಬರುವುದರಿಂದ ಅದಕ್ಕೆ 8 ಮೀಟರ್ ಬಿಡಿ. ಇಷ್ಟು ಬಿಟ್ಟರೂ ಎತ್ತರದ ಮರ ಬುಡಸಮೇತ ಬಿದ್ದರೆ ಲೈನಿಗೆ ತಾಗೀತು. ಬುಡ ಕೊಳೆತದ್ದು, ವಾಲಿದ್ದು, ಸಿಡಿಲು ಬಡಿದದ್ದು ಇದ್ದರೆ ದೂರ ಇದ್ದರೂ ಮೊದಲೇ ತೆಗೆಸಬೇಕು.

"ಅಷ್ಟು ಜಾಗ ಬಿಡೂದಾ?" ಅಂತ ಕೇಳುವವರಿದ್ದಾರೆ. ಬಿಡದಿದ್ದರೆ ಆಗುವುದು ಇಷ್ಟು: ಗೊಬ್ಬರ, ನೀರು ಹಾಕಿ ಬೆಳೆಸಿ, ಚೆನ್ನಾಗಿ ಫಲ ಕೊಡುವ ಪ್ರಾಯದಲ್ಲೇ ಕಂಗು ತಂತಿಯ ಮಟ್ಟಕ್ಕೆ ಬರುತ್ತದೆ. ಆಗ ಕಡಿಯಬೇಕು. ಅದಕ್ಕೆ ಪರಿಹಾರವೂ ಸಿಕ್ಕುವುದಿಲ್ಲ. ಕಾರಣ ಕೆಳಗೆ ಹೇಳಿದೆ.

ಓಣಿಯಲ್ಲಿ ಏನು ಬೆಳೆಯಬಹುದು? ರಸ್ತೆಯಲ್ಲದ ಕಡೆ 11 ಕೆವಿಯ ಬರೀ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕು ಎಂಬುದು ನಿಯಮ. ಅದರಲ್ಲಿ 2.6 ಕಳೆದರೆ ಉಳಿಯುವುದು 2 ಮೀಟರ್. ಎರಡು ಮೀಟರಿನೊಳಗೆ ನಿಲ್ಲುವ ಬೆಳೆ ಸರಿ: ಅನಾನಸು, ಅರಿಶಿನ, ಶುಂಠಿ, ಸುವರ್ಣಗೆಡ್ಡೆ, ಕೆಸು, ಪೊದೆಮೆಣಸು, ಮಲ್ಲಿಗೆ, ತರಕಾರಿ. ಮೇವಿನ ಹುಲ್ಲು ಆಗುತ್ತದೆ, ಸಮಯಕ್ಕೆ ಕೊಯ್ಯಬೇಕು. ಬಾಳೆ ಬೇಡ, ಅದು ಒಂದೇ ವರ್ಷದಲ್ಲಿ ಅಳತೆ ಮೀರುತ್ತದೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿರುವ ಸಿಪಿಸಿಆರ್‌ಐ ಕೇಂದ್ರ ಬಿಡುಗಡೆ ಮಾಡಿದ ವಿಟಿಎಲ್‌ಎಎಚ್-1, ವಿಟಿಎಲ್‌ಎಎಚ್-2 ಎಂಬ ಗಿಡ್ಡ ಅಡಿಕೆ ಹೈಬ್ರಿಡ್‌ಗಳನ್ನು ಓಣಿಯ ಅಂಚಿನ ಸಾಲಿಗೆ ಯೋಚಿಸಬಹುದು. ತಂತಿಯ ನೇರ ಅಡಿಗೆ ಅದೂ ಬೇಡ.

ಗೆಲ್ಲು ಸವರುವ ಕ್ರಮ

ಅವಸರದಲ್ಲಿ ಮರದ ತಲೆ ಬೋಳಿಸಿದರೆ ಕಡಿದಲ್ಲಿಂದ ಹತ್ತಾರು ಚಿಗುರು ನೆಟ್ಟಗೆ ಏಳುತ್ತವೆ, ಬೇಗ ಬೆಳೆಯುತ್ತವೆ, ಬುಡ ಗಟ್ಟಿ ಇರುವುದಿಲ್ಲ. ಮುಂದಿನ ಗಾಳಿಗೆ ಮುರಿಯುವುದು ಅವೇ. ಲೈನಿನ ಕಡೆಗೆ ಹೋಗುವ ಗೆಲ್ಲನ್ನು ಅದು ಹುಟ್ಟಿದ ಜಾಗದಿಂದಲೇ, ಅಲ್ಲಿರುವ ಉಬ್ಬಿಗೆ ಪೆಟ್ಟಾಗದಂತೆ ತೆಗೆಯಬೇಕು. ಬೇರೆ ದಿಕ್ಕಿನ ಗೆಲ್ಲು ಹಾಗೇ ಇರಲಿ. ದಪ್ಪ ಗೆಲ್ಲಿಗೆ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು ಮತ್ತೆ ಮೇಲಿಂದ ಕೊಯ್ದರೆ ಸಿಪ್ಪೆ ಸೀಳುವುದಿಲ್ಲ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಸವರುವ ದಿನ ನೀವೇ ಅಲ್ಲಿದ್ದು ಯಾವ ಗೆಲ್ಲು ಅಂತ ತೋರಿಸಿದರೆ ಅರ್ಧ ಜಗಳ ಕಡಿಮೆ. ತೇಗ, ಬೀಟಿಯಂತಹ ಮರ ಬುಡದಿಂದಲೇ ತೆಗೆಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು, ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಜೀವದ ಮಾತು

ಇಲ್ಲಿ ನಾಲ್ಕು ತಪ್ಪು ನಂಬಿಕೆ ಉಂಟು. ನಾಲ್ಕೂ ಜೀವ ತೆಗೆಯುವಂಥವು.

ಒಂದು, "ಮನೆಯಲ್ಲಿ ಕರೆಂಟಿಲ್ಲ, ಲೈನ್ ಆಫ್ ಉಂಟು." ಒಂದು ಫೇಸ್ ಹೋಗಿದ್ದರೂ ಮನೆಯಲ್ಲಿ ಕತ್ತಲೆ, ಉಳಿದ ತಂತಿಯಲ್ಲಿ ಕರೆಂಟ್ ಇರುತ್ತದೆ. ಯಾರದ್ದಾದರೂ ಮನೆಯ ಜನರೇಟರ್ ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಓಡುತ್ತಿದ್ದರೆ ಅದರ 230 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದಕ್ಕೆ ಹೋಗಿ ಎಚ್‌ಟಿ ಕಡೆ ಸಾವಿರಾರು ವೋಲ್ಟ್ ಆಗುತ್ತದೆ. ಅದಕ್ಕೇ ಪವರ್‌ಮ್ಯಾನ್ ಸಬ್‌ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ತೆಗೆದು, ಸ್ವಿಚ್ ಬಿಡಿಸಿ, ಪರೀಕ್ಷಿಸಿ, ಎರಡೂ ಕಡೆ ಅರ್ತ್ ಮಾಡಿದ ಮೇಲೆಯೇ ಕೆಲಸ ಶುರು ಮಾಡಬೇಕಾದ್ದು. ಅವರು "ಆಯ್ತು" ಅನ್ನುವವರೆಗೆ ನಿಮ್ಮ ಆಳು ಮರ ಹತ್ತಬಾರದು.

ಎರಡು, "ಕಾರ್ಬನ್ ಫೈಬರ್ ದೋಟಿಗೆ ಶಾಕ್ ಹೊಡೆಯುವುದಿಲ್ಲ." ಅಲ್ಯೂಮಿನಿಯಂ ದೋಟಿ, ಏಣಿಯ ಅಪಾಯ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಗೊನೆ ತೆಗೆಯುವಾಗ, ಮದ್ದು ಬಿಡುವಾಗ ದೋಟಿ ಎತ್ತುವ ಮೊದಲು ತಲೆ ಎತ್ತಿ ನೋಡಿ. ದೋಟಿ ವಾಲಿ ಬಿದ್ದರೂ ತಂತಿಗೆ ತಾಗದಷ್ಟು ದೂರ ನಿಲ್ಲಬೇಕು. ಕೊಳೆರೋಗದ ಬೋರ್ಡೋ ದ್ರಾವಣದಲ್ಲೂ ಕರೆಂಟ್ ಹರಿಯುತ್ತದೆ, ಅದರ ಜೆಟ್ ಲೈನಿನ ಕಡೆಗೆ ಹೋಗಬಾರದು.

ಮೂರು, "ಮರ ತಾಗಿದರೆ ಲೈನ್ ತನ್ನಷ್ಟಕ್ಕೇ ಟ್ರಿಪ್ ಆಗುತ್ತದೆ." ಯಾವಾಗಲೂ ಇಲ್ಲ. ಗೆಲ್ಲಿನ ಮೂಲಕ ಹರಿಯುವ ಕರೆಂಟ್ ಸಣ್ಣದಾದರೆ ಸಬ್‌ಸ್ಟೇಷನ್‌ನ ಬ್ರೇಕರ್‌ಗೆ ಅದು ಗೊತ್ತೇ ಆಗುವುದಿಲ್ಲ. ಮನುಷ್ಯನನ್ನು ಕೊಲ್ಲಲು ಅದರ ಒಂದು ಪಾಲೂ ಬೇಡ. ಮಳೆಗೆ ನೆನೆದ ಮರ ಮುಟ್ಟುವುದೂ ತಂತಿ ಮುಟ್ಟುವುದೂ ಒಂದೇ.

ನಾಲ್ಕು, "ತಂತಿ ಕಡಿದು ಬಿದ್ದಿದೆ, ಇನ್ನು ಭಯ ಇಲ್ಲ." ಮುರಕಲ್ಲಿನ ನೆಲದಲ್ಲಿ, ತೋಡಿನ ಬದಿಯಲ್ಲಿ ಬಿದ್ದ ತಂತಿಯಲ್ಲಿ ಕರೆಂಟ್ ಉಳಿದಿರಬಹುದು. ಸುತ್ತಲಿನ ನೆಲದಲ್ಲೂ ಇರುತ್ತದೆ. ಕನಿಷ್ಠ 10 ಮೀಟರ್ ದೂರ ನಿಲ್ಲಿ. ಹತ್ತಿರ ಇದ್ದುಬಿಟ್ಟರೆ ಕಾಲು ಎತ್ತದೆ, ಎರಡೂ ಪಾದ ಜೋಡಿಸಿ ಸಣ್ಣಗೆ ಜಾರಿಸುತ್ತಾ ದೂರ ಬನ್ನಿ. ದನದ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು, ಅದಕ್ಕೇ ನಮಗಿಂತ ಮೊದಲು ದನ ಸಾಯುವುದು. ದನ ಬಿಡಿಸಲು ಹೋಗಿ ಜನ ಸಾಯುವುದೂ ಹೀಗೆಯೇ. 1912ಕ್ಕೆ ಫೋನ್ ಮಾಡಿ, ಕಂಬದ ನಂಬರ್ ಹೇಳಿ, ದಾರಿಯಲ್ಲಿ ಬರುವವರನ್ನು ತಡೆದು ನಿಲ್ಲಿ.

ಪರಿಹಾರ ಯಾವಾಗ ಉಂಟು?

2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್ ಇದನ್ನು ಹೇಳುತ್ತದೆ. ಲೈನಿಗೆ ಅಡ್ಡಿಯಾಗುವ ಮರ ತೆಗೆಸಲು ಕಂಪೆನಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮಲ್ಲಿ ತಹಶೀಲ್ದಾರರಿಗೆ, ಅರ್ಜಿ ಹಾಕಬಹುದು. ಲೈನ್ ಬರುವ ಮೊದಲೇ ಇದ್ದ ಮರವಾದರೆ ಮಾಲಕರಿಗೆ ನ್ಯಾಯವಾದ ಪರಿಹಾರ ನಿಗದಿ ಮಾಡಬೇಕು. ಲೈನ್ ಬಂದ ಮೇಲೆ ನೆಟ್ಟ ಮರಕ್ಕೆ ಈ ಹಕ್ಕು ಇಲ್ಲ. ಆದ್ದರಿಂದ ಮರ ಮೊದಲೋ ಲೈನ್ ಮೊದಲೋ ಎಂಬುದಕ್ಕೆ ದಾಖಲೆ ಬೇಕು: ಪಹಣಿಯ ಬೆಳೆ ಕಾಲಂ, ಗಿಡ ತಂದ ರಶೀದಿ, ದಿನಾಂಕ ಇರುವ ಫೋಟೋ. ಹೊಸ ಲೈನಿನ ಸರ್ವೆಗೆ ಬಂದ ದಿನವೇ ಮರಗಳ ಫೋಟೋ ತೆಗೆದು, ಲೆಕ್ಕ ಬರೆದು, ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ದೊಡ್ಡ ಲೈನಿನ ಕಥೆ ಬೇರೆ. ಉಡುಪಿಯ ಎಲ್ಲೂರಿನಿಂದ ಕಾಸರಗೋಡಿನ ಕರಿಂದಳಕ್ಕೆ ಹೋಗುವ 400 ಕೆವಿ ಲೈನಿಗೆ ಮೂಡುಬಿದಿರೆ, ಬಂಟ್ವಾಳ ಕಡೆಯ ಕೃಷಿಕರು ವಿರೋಧ ಮಾಡಿದ್ದು ಸುಮ್ಮನೆ ಅಲ್ಲ. 46 ಮೀಟರ್ ಓಣಿ 100 ಮೀಟರ್ ಉದ್ದ ಹೋದರೆ 4,600 ಚದರ ಮೀಟರ್. ಒಂದು ಎಕರೆಗಿಂತ ಹೆಚ್ಚು, ಸುಮಾರು 630 ಕಂಗು. ಸಣ್ಣ ಹಿಡುವಳಿದಾರರಿಗೆ ಅದುವೇ ಇಡೀ ತೋಟ. 66 ಕೆವಿ ಮತ್ತು ಅದಕ್ಕಿಂತ ಮೇಲಿನ ಲೈನಿಗೆ ಕೇಂದ್ರ ವಿದ್ಯುತ್ ಸಚಿವಾಲಯದ 2015ರ ಮಾರ್ಗಸೂಚಿ ಟವರಿನ ಜಾಗಕ್ಕೆ ಭೂಮಿಯ ಬೆಲೆಯ 85 ಶೇಕಡಾ, ಓಣಿಗೆ ಹೆಚ್ಚೆಂದರೆ 15 ಶೇಕಡಾ ಎಂದಿತ್ತು. 2024ರ ಜೂನ್‌ನ ಮಾರ್ಗಸೂಚಿ ಅದನ್ನು 200 ಮತ್ತು 30 ಶೇಕಡಾಕ್ಕೆ ಏರಿಸಿತು. ಇದು ಭೂಮಿಯ ಮಾತು. ಮರ, ಬೆಳೆಯ ನಷ್ಟ ಬೇರೆಯೇ ಲೆಕ್ಕ, ಅದನ್ನು ಬಿಟ್ಟುಕೊಡಬೇಡಿ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರದಲ್ಲಿ ಎಳೆದ ಲೈನಿನ ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಕೇಳಬಹುದು.

ಪತ್ತನಾಜೆಯೊಳಗೆ ಮಾಡಬೇಕಾದ್ದು

1. ಬಿಸಿಲಿನ ಹೊತ್ತಿಗೆ ಲೈನ್ ಹೋದ ಹಾದಿಯಲ್ಲಿ ಒಮ್ಮೆ ನಡೆದು ಬನ್ನಿ. ತಾಗುವ ಗೆಲ್ಲು, ಎಲೆ ತುದಿ ಸುಟ್ಟು ಕಪ್ಪಾದ ಸೋಗೆ, ವಾಲಿದ ಕಂಬ, ಸಡಿಲ ಸ್ಟೇ ತಂತಿ ಗುರುತು ಮಾಡಿ.
2. ಕಂಬದ ನಂಬರ್ ಸಹಿತ ಶಾಖಾ ಕಚೇರಿಗೆ ಲಿಖಿತವಾಗಿ ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನೆರೆಕರೆಯ ನಾಲ್ಕು ಮನೆಯವರು ಒಟ್ಟಿಗೆ ಕೊಟ್ಟರೆ ಒಂದೇ ಎಲ್‌ಸಿಯಲ್ಲಿ ಎಲ್ಲರದ್ದೂ ಮುಗಿಯುತ್ತದೆ.
3. ಪತ್ರಿಕೆಯಲ್ಲಿ ನಿಮ್ಮ ಫೀಡರಿನ ವಿದ್ಯುತ್ ನಿಲುಗಡೆ ಸುದ್ದಿ ಬಂದ ದಿನ ಮರ ಹತ್ತುವ ಜನ ಸಿದ್ಧ ಇರಲಿ.
4. ಲೈನ್ ಸ್ಥಳಾಂತರ ಬೇಕಾದರೆ ಅಂದಾಜುಪಟ್ಟಿ ಕೇಳಿ. ಖರ್ಚು ಸಾಮಾನ್ಯವಾಗಿ ಕೇಳಿದವರದ್ದೇ. ತೋಟದ ನಡುವಿನಿಂದ ಕಟ್ಟಪುಣಿಯ ಬದಿಗೆ ಹೋದರೆ ಎಷ್ಟು ಕಂಗು ಉಳಿದೀತು ಅಂತ ಲೆಕ್ಕ ಹಾಕಿ ನೋಡಿ. ಎಲ್‌ಟಿ ಲೈನಾದರೆ ಹೊದಿಕೆ ಇರುವ ಎಬಿ ಕೇಬಲ್ ಹಾಕಲು ಆಗುತ್ತದಾ ಅಂತಲೂ ಕೇಳಿ.
5. ಈ ಮಳೆಗೆ ಅಡಿಕೆ ಗಿಡ ನೆಡುವವರು ಗುಂಡಿ ತೆಗೆಯುವ ಮೊದಲು ಹೊರಗಿನ ತಂತಿಯ ಅಡಿಯಿಂದ 5 ಮೀಟರ್ ಅಳೆದು ಹಗ್ಗ ಕಟ್ಟಿ.

ಐದನೆಯದಕ್ಕೆ ಬೇಕಾದದ್ದು ಅರ್ಧ ಗಂಟೆ ಮತ್ತು ಒಂದು ಹಗ್ಗ. ಅಷ್ಟು ಮಾಡಿದರೆ ಹತ್ತು ವರ್ಷ ಕಳೆದ ಮೇಲೆ, ಫಲ ತುಂಬಿದ ಕಂಗಿನ ಬುಡದಲ್ಲಿ ನಿಂತು ಪವರ್‌ಮ್ಯಾನ್ ಹತ್ತಿರ ವಾದ ಮಾಡುವ ಕೆಲಸ ನಿಮಗೂ ಇಲ್ಲ, ನಿಮ್ಮ ಮಕ್ಕಳಿಗೂ ಇಲ್ಲ.