ವ್ಯಾಯಾಮಶಾಲೆಯ ಕಾದಂಬರಿಕಾರ ಕೆ.ವಿ. ಅಯ್ಯರ್

‘ಶಾಂತಲಾ’ ಕಾದಂಬರಿಯನ್ನು ಓದಿದ ವಿದ್ಯಾರ್ಥಿಗಳಲ್ಲಿ ಅದರ ಕರ್ತೃ ದೇಹದಾರ್ಢ್ಯಪಟುವೆಂಬುದನ್ನು ಬಲ್ಲವರು ವಿರಳ. ಸಾಹಿತ್ಯಚರಿತ್ರೆಗಳು ಕೋಲಾರದ ವೆಂಕಟೇಶ ಅಯ್ಯರರನ್ನು ಐತಿಹಾಸಿಕ ಕಾದಂಬರಿಕಾರರ ಸಾಲಿನಲ್ಲಿ ನಿಲ್ಲಿಸಿ ಮುಂದೆ ಸಾಗುತ್ತವೆ. ವ್ಯಾಯಾಮದ ಚರಿತ್ರೆಯನ್ನು ಬರೆಯುವವರು ಅವರ ಕನ್ನಡವನ್ನು ಓದುವುದಿಲ್ಲ. ಹೀಗೆ ಒಬ್ಬರನ್ನೇ ಇಬ್ಬರನ್ನಾಗಿ ಸೀಳಿದ್ದರಿಂದ ಅವರ ಬರಹ ನಮಗೆ ಅರ್ಧವೇ ದಕ್ಕಿದೆ.

ಪ್ರಷ್ಯಾದಲ್ಲಿ ಹುಟ್ಟಿದ ಯುಜಿನ್ ಸ್ಯಾಂಡೋ ಲಂಡನಿನಲ್ಲಿ ವ್ಯಾಯಾಮಶಾಲೆ ತೆರೆದು, ಪುಸ್ತಕ, ಉಪಕರಣ, ಅಂಚೆಪಾಠಗಳ ಮೂಲಕ ದೇಹಸಾಧನೆಯನ್ನೇ ಉದ್ಯಮವಾಗಿಸಿದವನು; 20ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದಿದ್ದನು. ಆ ಮಾರ್ಗವನ್ನು ಬೆಂಗಳೂರಿಗೆ ಒಗ್ಗಿಸಿದವರು ಅಯ್ಯರರು. ಅವರ ವ್ಯಾಯಾಮಶಾಲೆಗೆ ಬರಲಾರದವರಿಗೆ ಪಾಠಗಳು ಅಂಚೆಯಲ್ಲಿ ಹೋಗುತ್ತಿದ್ದವು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಪ್ರಕಟವಾದವು. ಅವುಗಳಲ್ಲಿ ಅಚ್ಚಾದ ಅವರದೇ ಛಾಯಾಚಿತ್ರಗಳು ಪಾಠವೂ ಹೌದು, ಜಾಹೀರಾತೂ ಹೌದು. ಆದರೆ ಇದು ಬರಿಯ ಅನುಕರಣೆಯಲ್ಲ. ಭಾರ ಎತ್ತುವ ಸಾಧನೆಯೊಡನೆ ಅವರು ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಬೆಸೆದರು. 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತೇ ಪುಸ್ತಕ ಬರೆದರು. ಮೈಸೂರು ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹವೂ ಅವರಿಗೆ ದೊರಕಿತು.

ಈ ವ್ಯಾಯಾಮ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ. ಕಾದಂಬರಿಗಳು ಮಾತ್ರ ಕನ್ನಡದಲ್ಲಿ. ಜೀವನೋಪಾಯಕ್ಕೆ ಒಂದು ನುಡಿ, ಅಂತರಂಗಕ್ಕೆ ಇನ್ನೊಂದು: ಗಡಿಯಾಚೆ ಕನ್ನಡ ಓದುವ ನಮಗೆ ಇದು ತೀರ ಪರಿಚಿತವಾದ ಏರ್ಪಾಡು. ಈ ತಿರುವಿನ ಹಿಂದೆ ಟಿ.ಪಿ. ಕೈಲಾಸಂ ಅವರ ಸಹವಾಸವನ್ನೂ ಎಣಿಸಬೇಕು. ಕೈಲಾಸಂ ಅಯ್ಯರರ ಆಪ್ತರು. ವ್ಯಾಯಾಮಶಾಲೆಯ ಬಳಗದಲ್ಲಿ ಡಂಬೆಲ್ಲಿನಷ್ಟೇ ಸಲೀಸಾಗಿ ನಾಟಕವೂ ಆಡುತ್ತಿತ್ತು. ‘ರವಿ ಕಲಾವಿದರು’ ತಂಡದ ಬೇರುಗಳಿರುವುದೂ ಅಲ್ಲಿಯೇ.

‘ಶಾಂತಲಾ’ ಹೆಚ್ಚು ಜನಪ್ರಿಯವಾದರೂ, ಅಯ್ಯರರನ್ನು ಅರಿಯಲು ‘ರೂಪದರ್ಶಿ’ಯೇ ಹೆಚ್ಚು ನೆರವಾಗುತ್ತದೆಂದು ನನ್ನ ಎಣಿಕೆ. ಇಟಲಿಯ ಕಲಾವಿದನೊಬ್ಬ ಬಾಲಯೇಸುವಿನ ಚಿತ್ರಕ್ಕೆ ಮುಗ್ಧ ಮಗುವೊಂದನ್ನು ಆರಿಸುತ್ತಾನೆ. ವರ್ಷಗಳು ಕಳೆದು, ದ್ರೋಹಿ ಜೂದಾಸನಿಗೆ ತಕ್ಕ ಮುಖವನ್ನು ಹುಡುಕಿ ಕಂಡಾಗ, ಅದು ಅದೇ ಮಗು ಬೆಳೆದು ಪಡೆದ ಮುಖ. ಕಥೆಯ ಎಳೆ ಹಳೆಯದು. ಆದರೆ ಸಾಧನೆಯಿಂದ ದೇಹವನ್ನು ಕಡೆದು ರೂಪಿಸಬಹುದೆಂದು ಸಾರಿ ಹೆಸರು ಮಾಡಿದವರೇ, ಬದುಕು ಅದೇ ದೇಹವನ್ನು ಹೇಗೆ ವಿರೂಪಗೊಳಿಸುತ್ತದೆಂಬುದನ್ನು ವಸ್ತುವಾಗಿ ಆರಿಸಿಕೊಂಡರೆಂಬುದು ಆಕಸ್ಮಿಕವೆಂದು ತೋರುವುದಿಲ್ಲ.

ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಮುಖ, ಮೈಕಟ್ಟುಗಳ ವರ್ಣನೆ ಬರುವ ಪುಟಗಳನ್ನು ಗುರುತಿಸಿಟ್ಟುಕೊಳ್ಳಲಿ. ಆ ನೋಟ ಕಥೆಗಾರನದೋ, ವ್ಯಾಯಾಮ ಗುರುವಿನದೋ ಎಂಬುದನ್ನು ತರಗತಿಯಲ್ಲಿ ಚರ್ಚಿಸೋಣ.